ಡೀಲರ್ ಮುಖಕ್ಕೆ ಎಸೆದ ಎಲೆ

ಕೋವಿಡ್ ಕಳೆದು ಎರಡನೇ ವರ್ಷ. ಆಗ ನಾನು ರಾಯಚೂರು ನಗರದ ಒಂದು ಕ್ಲಬ್ಬಿನಲ್ಲಿ ಕಾರ್ಡ್ ರೂಮ್ ಮ್ಯಾನೇಜರ್ ಆಗಿದ್ದೆ. ಅದಕ್ಕೂ ಮೊದಲು ಗೋವಾದ ಹಡಗಿನ ಕ್ಯಾಸಿನೊಗಳಲ್ಲಿ ದುಡಿದು ಊರಿಗೆ ಮರಳಿದವನು. ಕುಡಿದು ಕೂಗಾಡಿದವರನ್ನೂ ಸೋತು ಅತ್ತವರನ್ನೂ ಬೇಕಾದಷ್ಟು ಕಂಡಿದ್ದೆ. ಆದರೆ ನನಗೆ ಇವತ್ತಿಗೂ ಸಿಟ್ಟು ಇಳಿಯದ ಪ್ರಸಂಗ ನಡೆದದ್ದು ನಮ್ಮೂರಲ್ಲೇ, ಒಂದು ಭಾನುವಾರ ಮಧ್ಯಾಹ್ನ.

ನಮ್ಮ ಕ್ಲಬ್ಬಿನಲ್ಲಿ ರಮ್ಮಿ ಮೊದಲಿನಿಂದಲೂ ಇತ್ತು. ಪೋಕರ್ ಬಂದದ್ದು ಮೊಬೈಲಿನಲ್ಲಿ ಆಡಿ ಕಲಿತವರು ಹೆಚ್ಚಾದ ಮೇಲೆ. ಕಮಿಟಿಯವರು ತಿಂಗಳಿಗೊಂದು ಟೂರ್ನಮೆಂಟ್ ಇಟ್ಟರು. ಹಣದ ಆಟವಲ್ಲ. ಎಲ್ಲರಿಗೂ ಸಮನಾಗಿ ಚಿಪ್ಸ್, ಅಂದರೆ ಬಣ್ಣದ ಬಿಲ್ಲೆಗಳು. ಕೊನೆಯವರೆಗೆ ಉಳಿದವರಿಗೆ ಒಂದು ಟ್ರೋಫಿ. ಶಿಷ್ಟಾಚಾರವನ್ನು ನಾನೇ ಹೇಳಿಕೊಡುತ್ತಿದ್ದೆ. ಸರದಿ ಬರುವ ತನಕ ಮಾತಾಡಬಾರದು, ಸೋತವರನ್ನು ಹಂಗಿಸಬಾರದು, ಡೀಲರ್ ಮೇಲೆ ಸಿಟ್ಟು ತೀರಿಸಿಕೊಳ್ಳಬಾರದು. ಡೀಲರ್ ಎಂದರೆ ಇಸ್ಪೀಟಿನ ಎಲೆ ಕಲಸಿ ಹಂಚುವವರು ಅಷ್ಟೇ. ಯಾವ ಎಲೆ ಬರುತ್ತದೆಂದು ಅವರಿಗೂ ಗೊತ್ತಿರುವುದಿಲ್ಲ.

ನಮ್ಮ ಡೀಲರ್ ರೇಣುಕಾ. ದೇವದುರ್ಗ ತಾಲೂಕಿನ ಗಬ್ಬೂರಿನವಳು, ದಲಿತ ಕೂಲಿಕಾರರ ಮನೆಯ ಹುಡುಗಿ. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಳು, ಭಾನುವಾರ ಮಾತ್ರ ನಮ್ಮಲ್ಲಿ ಕೆಲಸ. ನಾನೇ ತರಬೇತಿ ಕೊಟ್ಟಿದ್ದೆ. 'ಟೇಬಲ್ ಮುಂದ ಯಾರು ಏನಂದ್ರೂ ಮುಖ ಬದಲಾಗಬಾರದವ್ವಾ' ಎಂದು ಮೊದಲ ದಿನವೇ ಹೇಳಿದ್ದೆ.

ಆ ದಿನ ಫೈನಲ್ ಟೇಬಲ್ಲಿನಲ್ಲಿ ಅಮರೇಗೌಡರಿದ್ದರು. ಮಾನ್ವಿಯಲ್ಲಿ ರೈಸ್ ಮಿಲ್ಲು ಇಟ್ಟವರು, ಕ್ಲಬ್ಬಿನ ಹೊಸ ಹಾಲ್ ಕಟ್ಟಿಸಿಕೊಟ್ಟವರು. ಅವರ ಎದುರಿಗೆ ಖಾಜಾ ಮಾಸ್ತರು, ಮಾನ್ವಿಯ ಕಡೆಯ ಹೈಸ್ಕೂಲ್ ಮೇಷ್ಟ್ರು, ಮೆತ್ತನೆಯ ಮನುಷ್ಯ. ಪೋಕರಿನಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಡೀಲರ್ ಬಿಚ್ಚುತ್ತಾಳೆ. ಗೌಡರಿಗೆ ಎರಡು ಎಕ್ಕ ಬಂದಿದ್ದವು. ಅದಕ್ಕಿಂತ ಒಳ್ಳೆಯ ಆರಂಭ ಈ ಆಟದಲ್ಲಿ ಇಲ್ಲ. ಚಿಪ್ಸ್ ರಾಶಿಯನ್ನೆಲ್ಲ ನಡುವೆ ದೂಡಿದರು. ಮಾಸ್ತರ ಕೈಯಲ್ಲಿ ಎರಡು ಒಂಬತ್ತು. ಅವರೂ ಇದ್ದಷ್ಟನ್ನು ದೂಡಿದರು. ನಾಲ್ಕು ಎಲೆ ಬಿಚ್ಚುವ ತನಕ ಗೌಡರೇ ಮುಂದು. ಕೊನೆಯ ಎಲೆ ಒಂಬತ್ತು! ಎರಡು ಎಕ್ಕಕ್ಕಿಂತ ಮೂರು ಒಂಬತ್ತು ದೊಡ್ಡದು. ಮಾಸ್ತರು ಗೆದ್ದರು.

ಇಂಥ ಸೋಲು ಎಂಥವರನ್ನೂ ಅಲ್ಲಾಡಿಸುತ್ತದೆ. ಸೋತ ಸಿಟ್ಟಿನಲ್ಲಿ ಬುದ್ಧಿ ಕಳೆದುಕೊಳ್ಳುವುದಕ್ಕೆ ಪೋಕರಿನಲ್ಲಿ 'ಟಿಲ್ಟ್' ಎನ್ನುತ್ತಾರೆ. ಆದರೆ ಮುಂದೆ ಆದದ್ದನ್ನು ನಾನು ಟಿಲ್ಟ್ ಎಂದು ಕರೆಯಲಾರೆ. ಗೌಡರು ತಮ್ಮ ಎರಡು ಎಲೆಗಳನ್ನೂ ರೇಣುಕಾಳ ಮುಖಕ್ಕೆ ಬೀಸಿ ಎಸೆದರು. ಒಂದರ ಅಂಚು ಕಣ್ಣಿನ ಕೆಳಗೆ ಕೆಂಪು ಗೆರೆ ಎಳೆಯಿತು.

"ಇಂಥಾ ಮಂದಿ ಕೈಗೆ ಎಲಿ ಕೊಟ್ರ ಇನ್ನೇನ್ ಬರ್ತದ!" ಎಂದರು. ಅದರ ಬೆನ್ನಿಗೇ ಆಕೆಯ ಜಾತಿಯ ಹೆಸರು ಹಿಡಿದು ಒಂದು ಮಾತು ಅಂದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ರೇಣುಕಾ ಬಗ್ಗಿ ಎಲೆ ಎತ್ತಿಕೊಂಡಳು, ಗೆದ್ದ ಚಿಪ್ಸನ್ನು ಮಾಸ್ತರ ಕಡೆ ಸರಿಸಿದಳು. ಮುಖ ಬದಲಾಗಲಿಲ್ಲ. ಸುತ್ತ ಕುಳಿತವರಲ್ಲಿ ಡಾಕ್ಟರು, ವಕೀಲರು, ಗುತ್ತಿಗೆದಾರರಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಒಬ್ಬರು ಚಹಾ ಹೀರಿದರು.

ನಾನು ಟೇಬಲ್ ಹತ್ತಿರ ಹೋದೆ. "ಗೌಡ್ರ, ನೀವು ಆಟದಿಂದ ಹೊರಗ. ಆಕಿಗೆ ಕ್ಷಮಾ ಕೇಳ್ರಿ, ಏಳ್ರಿ."

"ಲೇ, ನಾ ಯಾರಂತ ಗೊತ್ತದ ಏನು ನಿನಗ?"

"ಗೊತ್ತದ ರೀ. ಡೀಲರ್ ಮ್ಯಾಲ ಎಲಿ ಎಸೆದವರು. ಏಳ್ರಿ."

ಎದ್ದು ಕುರ್ಚಿ ಒದ್ದು ಹೋದರು. ಕ್ಷಮೆ ಕೇಳಲಿಲ್ಲ. ನಾನು ಆಟ ನಿಲ್ಲಿಸಿದೆ.

ಸ್ವಲ್ಪ ಹೊತ್ತಿಗೆ ಕ್ಲಬ್ಬಿನ ಕಾರ್ಯದರ್ಶಿ ನನ್ನನ್ನೂ ರೇಣುಕಾಳನ್ನೂ ಕರೆಸಿದರು. ಗೌಡರು ಸಿಡುಕಿನ ಮನುಷ್ಯರು, ಮನಸ್ಸಿನಲ್ಲಿ ಏನೂ ಇಲ್ಲ ಎಂದರು. ರೇಣುಕಾಳಿಗೆ ಹೇಳಿದರು: "ನೀನ ಒಂದ್ ಮಾತು 'ತಪ್ಪಾತು ರೀ' ಅಂದುಬಿಡವ್ವಾ. ಎಲಿ ಕಲಸಾದ್ರಾಗ ಏನೋ ಹೆಚ್ಚುಕಮ್ಮಿ ಆತು ಅಂತ. ಇಲ್ಲಿಗೇ ಮುಗೀತದ."

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ರೇಣುಕಾಳೇ ಮಾತಾಡಿದಳು.

"ಟೇಬಲ್ ಮುಂದ ಸುಮ್ನ ಕುಂತೆ ಸರ್, ಅದು ನನ್ ಕೆಲಸ. ಇಲ್ಲಿ ಸುಮ್ನ ಕುಂದ್ರಾದು ನನ್ ಕೆಲಸ ಅಲ್ಲ. ನಾ ಸ್ಟೇಷನ್ನಿಗೆ ಹೊಂಟೀನಿ."

"ಹುಚ್ಚವ್ವಾ, ಸಿಟ್ಟಿನಾಗ ಏನೂ ಮಾಡಬಾರ್ದು," ಎಂದರು ಕಾರ್ಯದರ್ಶಿ. ಎಲೆ ಎಸೆದವನಿಗೆ ಯಾರೂ ಹೇಳದ ಈ ಬುದ್ಧಿಮಾತು ಎಲೆಯ ಏಟು ತಿಂದವಳಿಗೆ! ಅಲ್ಲೇ ಮೇಜಿನ ಮೇಲೆ ಕಾರ್ಡ್ ರೂಮಿನ ಬೀಗದ ಕೈಗಳನ್ನು ಇಟ್ಟೆ. "ನಾನೂ ಆಕಿ ಕೂಡ ಹೊಂಟೀನ್ರಿ," ಎಂದೆ.

ಸ್ಟೇಷನ್ನಿನಲ್ಲೂ ಮೊದಲು ಸಂಧಾನದ ಮಾತೇ. ಜಾತಿ ನಿಂದನೆಯ ದೂರು ಬರೆಸಿಕೊಳ್ಳಿ ಎಂದು ಪಟ್ಟು ಹಿಡಿದು ಬೆಂಚಿನ ಮೇಲೆ ಕುಳಿತೆವು. ಆಗ ಖಾಜಾ ಮಾಸ್ತರು ಒಳಗೆ ಬಂದರು. ಬೆವೆತಿದ್ದರು. ರೇಣುಕಾಳ ಎದುರು ನಿಂತು, "ಗೆದ್ದಾವ ನಾನು, ಏಟು ತಿಂದಾಕಿ ನೀನು. ನಾ ಏನ್ ಕಂಡೀನಿ, ಏನ್ ಕೇಳೀನಿ, ಎಲ್ಲಾ ಬರೆಸ್ತೀನಿ ಬೇಟಾ," ಎಂದರು. ಅವರ ಹೇಳಿಕೆಯೂ ಸೇರಿ ದೂರು ದಾಖಲಾಯಿತು.

ಗೌಡರಿಗೆ ಜಾಮೀನು ಸಿಕ್ಕಿತು. ಕ್ಲಬ್ಬಿನವರು ಕೆಲವು ತಿಂಗಳು ದೂರವಿಟ್ಟಂತೆ ಮಾಡಿ ಮತ್ತೆ ಒಳಗೆ ಕರೆದುಕೊಂಡರು. ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ರೇಣುಕಾ ಎಂ.ಎ. ಮುಗಿಸಿ ದೇವದುರ್ಗದಲ್ಲಿ ಅತಿಥಿ ಉಪನ್ಯಾಸಕಿಯಾದಳು. ಕೇಸು ಇನ್ನೂ ಇತ್ಯರ್ಥವಾಗಿಲ್ಲ. ಟೇಬಲ್ಲಿನಲ್ಲಿದ್ದ ಉಳಿದವರೆಲ್ಲ 'ನಾನು ಗಮನಿಸಲಿಲ್ಲ' ಎಂದರು. ಎದುರಾಳಿಯ ರೆಪ್ಪೆ ಅಲುಗಿದರೂ ಗುರುತಿಸುವ ಆಟಗಾರರು ಅವರು!

ಸಾಕ್ಷಿ ಕಟ್ಟೆಯಲ್ಲಿ ಗೌಡರ ವಕೀಲರು ಮಾಸ್ತರನ್ನು ಕೇಳಿದರು: ಆಗ ಟೇಬಲ್ಲಿನಲ್ಲಿ ಯಾಕೆ ಸುಮ್ಮನಿದ್ದಿರಿ? ಮಾಸ್ತರು ತಲೆ ಎತ್ತಿ, "ಅವತ್ತು ಹೆದರಿದ್ದೆ ರೀ. ಅದಕ್ಕ ಇವತ್ತು ಬಂದೀನಿ," ಎಂದರು.

ಮುಖದಲ್ಲಿ ಏನೂ ತೋರಿಸದಿರುವುದನ್ನು ನಾನು ಎಷ್ಟೋ ಜನರಿಗೆ ಕಲಿಸಿದ್ದೇನೆ. ಅದು ಆಟಕ್ಕೆ ಬೇಕಾದ ವಿದ್ಯೆ, ನಿಜ. ಆದರೆ ನಿಮ್ಮ ಪಕ್ಕದವರ ಮುಖಕ್ಕೆ ಏಟು ಬಿದ್ದಾಗಲೂ ಮುಖ ಬದಲಾಗದಿದ್ದರೆ ಅದನ್ನು ಸಂಯಮ ಎಂದುಕೊಳ್ಳಬೇಡಿ. ನನ್ನ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ: ಅಂಥ ಹೊತ್ತಿನಲ್ಲಿ ಸಿಟ್ಟು ಬರಬೇಕು, ಬಂದ ಸಿಟ್ಟು ಸ್ಟೇಷನ್ನಿನ ಬೆಂಚಿನ ಮೇಲೆ ಹೋಗಿ ಕೂರುವಷ್ಟು ಗಟ್ಟಿಯಾಗಿರಬೇಕು.