ಟವೆಲ್ ಹೊದ್ದ ಕಂಪ್ಯೂಟರ್

ಕಣ್ಣಿಟ್ಟು ನೋಡಿದರೆ ಕಂಪ್ಯೂಟರಿನಲ್ಲಿ ಫೈಲ್ ಕಾಪಿ ಆಗುವುದು ನಿಧಾನವಾಗುತ್ತದೆ ಎಂದು ಹೊನ್ನಾಳಿಯ ಒಬ್ಬ ಫೋಟೋ ಸ್ಟುಡಿಯೋ ಮಾಲೀಕರು ನಂಬಿದ್ದರು. ನಮ್ಮ ಅಕ್ಕನ ಮದುವೆ ವಿಡಿಯೋ ಇದ್ದ, ಅವರ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ಕೆಡುವ ಹಂತದಲ್ಲಿತ್ತು. ಅದೇ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ ಕಾಪಿಗೆ ಹಚ್ಚಿದರು. ಬೇಗ ಆಗಲೆಂದು ಬೇರೆಲ್ಲ ಕೆಲಸ ನಿಲ್ಲಿಸಿ, ಫ್ಯಾನನ್ನು ಅದರತ್ತ ತಿರುಗಿಸಿ, ಪರದೆಗೆ ಟವೆಲ್ ಹೊದಿಸಿದರು.

"ನೋಡಬ್ಯಾಡ್ರಿ, ಅದಕ್ಕೆ ನಾಚಿಕೆ ಆಗ್ತೈತೆ."

ಎರಡು ತಾಸು ನಾನೂ ಅಕ್ಕನೂ ಗೋಡೆ ನೋಡುತ್ತ ಕುಳಿತೆವು. ಕೊನೆಗೆ ಅಕ್ಕ ತಡೆಯಲಾರದೆ ಟವೆಲ್ ಎತ್ತಿದಳು. ಕಾಪಿ ಯಾವಾಗಲೋ ನಿಂತಿತ್ತು. 'ಫೈಲ್ ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ?' ಎಂದು ಕೇಳಿ ಕಂಪ್ಯೂಟರ್ ಉತ್ತರಕ್ಕೆ ಕಾಯುತ್ತಿತ್ತು.

ಮಾಲೀಕರು ಗಡಬಡಿಸಿ ಗುಂಡಿ ಒತ್ತಿದರು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತು, "ನೀವು ಊಟ ಮಾಡ್ಕಂಡು ಬರ್ರಿ ಅಕ್ಕಾ, ಇದು ಇನ್ನೇನು ಕೇಳ್ತೈತೋ!" ಎಂದರು.

ಸಂಜೆ ವಿಡಿಯೋ ಪೂರ್ತಿ ಸಿಕ್ಕಿತು. ಅವರ ಕಣ್ಣುಗಳು ಮಾತ್ರ ಮಗಳನ್ನು ಗಂಡನ ಮನೆಗೆ ಕಳಿಸಿದ ಅಪ್ಪನ ಕಣ್ಣಿನಂತೆ ಕೆಂಪಾಗಿದ್ದವು.