ಎಲೆ ಅಡಿಕೆ ತಟ್ಟೆ ಮತ್ತು ನಮ್ಮ ಬೀದಿಯ ನಲ್ಲಿ

ನಮ್ಮ ತಂದೆಯ ಮನೆಯಲ್ಲಿ ಪ್ರತಿಯೊಂದು ಕೆಲಸಕ್ಕೂ ಹೊತ್ತು ಗೊತ್ತಿತ್ತು. ಅವರು ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದರು. ಶಾಲೆಯ ಗಂಟೆಯನ್ನು ಮನೆಗೂ ಹೊತ್ತು ತಂದಿದ್ದಾರೆ ಎಂದು ಅಮ್ಮ ಗೊಣಗುತ್ತಿದ್ದಳು. ಕತ್ತಲಿರುವಾಗಲೇ ಏಳಬೇಕು, ಹಾಸಿಗೆ ಸುತ್ತಿಡಬೇಕು, ಹಂಡೆ ತುಂಬಿದ ಮೇಲೆಯೇ ಒಲೆಗೆ ಬೆಂಕಿ. ತಂಬಿಗೆಯನ್ನು ಎಲ್ಲಿಂದ ತೆಗೆದೆವೋ ಅಲ್ಲಿಯೇ ಇಡಬೇಕು. ಮಾಡುತ್ತೇನೆ ಎಂದು ಬಾಯಲ್ಲಿ ಬಂದ ಕೆಲಸ ದೀಪ ಹಚ್ಚುವ ಹೊತ್ತಿಗೆ ಮುಗಿದಿರಬೇಕು. ಹೀಗೆ ಬೆಳೆದವಳನ್ನು ಮದುವೆ ಮಾಡಿ ಭದ್ರಾವತಿಗೆ ಕಳಿಸಿದರು. ನಾವು ಬಾಡಿಗೆಗಿದ್ದ ಬೀದಿಗೆ ಒಂದು ಸಂಘವಿತ್ತು. ನಮ್ಮವರು ಅದರ ಕಾರ್ಯದರ್ಶಿ. ಸಭೆಗಳು ನಡೆಯುತ್ತಿದ್ದುದು ನಮ್ಮ ಪಡಸಾಲೆಯಲ್ಲಿ. ನನ್ನ ತಾಳ್ಮೆ ಕೆಡತೊಡಗಿದ್ದು ಅಲ್ಲಿಂದ.

ಅದು ಯುದ್ಧದ ಕಾಲ. ಸಕ್ಕರೆಯಿಲ್ಲ, ಸೀಮೆಎಣ್ಣೆಯಿಲ್ಲ. ಬೀದಿಯ ಗಂಡಸರಲ್ಲಿ ಹೆಚ್ಚಿನವರು ಕಾರ್ಖಾನೆಗೆ ಹೋಗುವವರು. ನಮ್ಮವರು ಅಲ್ಲಿಯೇ ಗುಮಾಸ್ತರು. ಕಾರ್ಖಾನೆಯ ಕೂಗು ಕೇಳಿದರೆ ಬಾಯಲ್ಲಿಟ್ಟ ತುತ್ತನ್ನು ನುಂಗುತ್ತಲೇ ಎದ್ದು ಓಡುತ್ತಿದ್ದ ಈ ಜನ, ಭಾನುವಾರ ನಮ್ಮ ಚಾಪೆಯ ಮೇಲೆ ಕೂತರೆಂದರೆ ಹೊತ್ತು ಎಂಬುದನ್ನೇ ಮರೆತುಬಿಡುತ್ತಿದ್ದರು.

ನಮಗೆ ಬೇಕಾಗಿದ್ದದ್ದು ಒಂದು ನಲ್ಲಿ. ಬೀದಿಗೆಲ್ಲ ಒಂದೇ ಬಾವಿ, ಅದೂ ಇಳಿಜಾರಿನ ಕೆಳಗೆ, ಕಲ್ಲು ಮೆಟ್ಟಿಲು ಇಳಿದು ಹೋಗಬೇಕು. ಬೇಸಿಗೆ ಬಂತೆಂದರೆ ಕೊಡದಲ್ಲಿ ಅರ್ಧ ನೀರು, ಅರ್ಧ ಕೆಸರು. ಒಬ್ಬರು ಸೇದಿದ ಮೇಲೆ ತಳದ ಊಟೆಯಿಂದ ನೀರು ಒಸರುವ ತನಕ ಮುಂದಿನವರು ಕಾಯಬೇಕು. ಪುರಸಭೆಯ ಓವರ್‌ಸಿಯರು ಒಳ್ಳೆಯ ಮನುಷ್ಯ. ಮನೆಗೇ ಬಂದು ಹೇಳಿ ಹೋಗಿದ್ದರು: "ಬೀದಿಯವರೆಲ್ಲ ಒಪ್ಪಿ ಒಂದು ಜಾಗ ತೋರಿಸಿ, ಅರ್ಜಿ ಕೊಡಿ, ಹಾಕಿಸಿಕೊಡ್ತೀನಿ. ಕೊಳವೆ ಸಿಗೋದು ಕಷ್ಟ ಇದೆ, ತಡ ಮಾಡಬೇಡಿ. ಆಮೇಲೆ ನನ್ನ ಮನೆ ಮುಂದೆ ಯಾಕೆ ಹಾಕಿದ್ರಿ ಅಂತ ಒಬ್ಬರೂ ತಕರಾರು ತರಬಾರದು." ಕಬ್ಬಿಣ ಕರಗಿಸುವ ಊರಿನಲ್ಲೇ ಕಬ್ಬಿಣದ ಕೊಳವೆಗೆ ಬರ!

ಎಲ್ಲರೂ ಒಪ್ಪಬೇಕು ಎಂಬ ಮಾತೇ ನಮ್ಮ ಸಂಘಕ್ಕೆ ಮುಳುವಾಯಿತು. ಅಧ್ಯಕ್ಷರು ಅಡಿಕೆ ಮಂಡಿಯವರು. ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದರು. ಕೈ ಎತ್ತಿಸಿ ಎಣಿಸುವುದು ಅವರಿಗೆ ಆಗದು. "ಕೈ ಎತ್ತಿಸಿದರೆ ಎತ್ತದವನ ಮನಸ್ಸು ಮುರಿಯುತ್ತೆ ಮಾರಾಯ್ರೆ" ಎನ್ನುವರು. ಹಾಗಾಗಿ ಸಂಘ ಹುಟ್ಟಿದಂದಿನಿಂದ ಒಂದು ಪದ್ಧತಿ ಬಂದಿತ್ತು. ಮಾತೆಲ್ಲ ಮುಗಿದ ಮೇಲೆ ಎಲೆ ಅಡಿಕೆ ತಟ್ಟೆ ಕೈಯಿಂದ ಕೈಗೆ ಹೋಗುವುದು. ತೆಗೆದುಕೊಂಡವರು ಒಪ್ಪಿದರು. ಮುಟ್ಟದೆ ಮುಂದಕ್ಕೆ ದಾಟಿಸಿದವರು ಒಪ್ಪಲಿಲ್ಲ. ಒಬ್ಬರು ಮುಟ್ಟದಿದ್ದರೂ ಆ ವಿಷಯ ಮುಂದಿನ ವಾರಕ್ಕೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಎಲ್ಲರಿಗೂ ಗೊತ್ತು, ಅಷ್ಟೆ.

ಮೊದಲನೆಯ ಭಾನುವಾರ ಜಾಗ ಬೇಗನೆ ಸಿಕ್ಕಿತು. ಬೀದಿಯ ನಡುಮಧ್ಯೆ, ಅಜ್ಜಯ್ಯನ ಮನೆಯ ಮುಂದೆ. ಅಜ್ಜಯ್ಯ ಎಂದು ಬೀದಿಯೆಲ್ಲ ಕರೆಯುತ್ತಿದ್ದ ಈ ಹಿರಿಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕಾಶಿಗೆ ಹೋಗಿಬಂದು, ಆಮೇಲೆ ಮಗನ ಜೊತೆ ಇರಲೆಂದು ನಮ್ಮ ಬೀದಿಗೆ ಬಂದಿದ್ದರು. ಬಂದ ಹೊಸದರಲ್ಲಿ ಕಾಶಿ ಸಮಾರಾಧನೆ ಮಾಡಿ ಬೀದಿಗೆಲ್ಲ ಊಟ ಹಾಕಿಸಿದರು. ಎಲ್ಲರ ಕೈಗೂ ಕಾಶಿ ದಾರ ಕಟ್ಟಿದರು. ಇಂಥವರು ಇದ್ದರೆ ಸಂಘಕ್ಕೆ ತೂಕ ಎಂದು ಸದಸ್ಯರನ್ನಾಗಿ ಮಾಡಿಕೊಂಡಿದ್ದರು. ಅವತ್ತು ಅವರಿಗೆ ಮೊದಲ ಸಭೆ. ತಟ್ಟೆ ಸುತ್ತಿ ಅವರ ಮುಂದೆ ಬಂತು. ಅವರು ಮುಟ್ಟಲಿಲ್ಲ. ಪಕ್ಕದವರ ಕಡೆಗೆ ದಾಟಿಸಿದರು.

ಅವರು ಎದ್ದು ಹೋದ ಮೇಲೆ ಪಡಸಾಲೆಯಲ್ಲಿ ಗುಸುಗುಸು.

"ಮನೆ ಮುಂದೆ ಅಂದ್ವಲ್ಲ, ಹಿಡಿಸಲಿಲ್ಲ ಅವರಿಗೆ."

"ಹಿಡಿಸದಿದ್ರೆ ಹೇಳಬಹುದಿತ್ತಪ್ಪ."

"ದೊಡ್ಡ ಮನುಷ್ಯರು ಹೇಳ್ತಾರೇನ್ರಿ? ತಟ್ಟೆ ಮುಟ್ಟಲಿಲ್ಲ. ಅದಕ್ಕಿಂತ ಇನ್ನೇನು ಹೇಳಬೇಕು?"

ಮಾರನೆಯ ದಿನವೇ ಅಜ್ಜಯ್ಯ ಆಳು ಕರೆಸಿ ಮನೆಯ ಮುಂದಿನ ದಾಸವಾಳದ ಗಿಡಗಳನ್ನೆಲ್ಲ ಕೀಳಿಸಿದರು. ಬೀದಿಗೆ ಬೀದಿಯೇ ಅದನ್ನು ನೋಡಿತು. "ಗೋಡೆ ಎಬ್ಬಿಸ್ತಾರೆ ನೋಡ್ತಿರಿ, ನಲ್ಲಿ ಬರಬಾರದು ಅಂತ" ಎಂದು ಅಧ್ಯಕ್ಷರು ನಮ್ಮವರಿಗೆ ಹೇಳಿದರು. ನಮ್ಮವರು ತಲೆ ಆಡಿಸಿದರು.

ಮುಂದಿನ ವಾರ ನಲ್ಲಿ ದೀಪದ ಕಂಬದ ಹತ್ತಿರಕ್ಕೆ ಹೋಯಿತು. ಅಜ್ಜಯ್ಯ ಮುಟ್ಟಲಿಲ್ಲ. ಆಮೇಲೆ ಅಧ್ಯಕ್ಷರ ಮನೆಯ ಮುಂದಕ್ಕೆ ಹೋಯಿತು. ಮುಟ್ಟಲಿಲ್ಲ. ಬೀದಿಯ ಮೇಲುತುದಿಗೆ ಹೋಯಿತು, ಅಲ್ಲಿಂದ ವಾರಕ್ಕೊಂದು ಮನೆಯ ಮುಂದೆ ನಿಲ್ಲುತ್ತ ಇಳಿದು ಬಾವಿಯ ಪಕ್ಕಕ್ಕೇ ಬಂತು! ಬಾವಿಯ ಪಕ್ಕದಲ್ಲಿ ನಲ್ಲಿ ಯಾರಿಗೆ ಬೇಕು? ಅದಕ್ಕೂ ಇವರೆಲ್ಲ ಎಲೆ ತೆಗೆದುಕೊಂಡರು, ಸುಣ್ಣ ಹಚ್ಚಿಕೊಂಡರು, ಜಗಿದರು. ಅಜ್ಜಯ್ಯ ಮಾತ್ರ ತಟ್ಟೆ ದಾಟಿಸಿ ಎಲ್ಲರ ಮುಖ ನೋಡುತ್ತ ಕೂತರು. ಚಾಪೆ ಹಾಸುವವಳು ನಾನು, ಕಾಫಿ ಕಾಯಿಸುವವಳು ನಾನು, ಬೆಲ್ಲ ಹುಡುಕುವವಳು ನಾನು, ಸಭೆ ಮುಗಿದ ಮೇಲೆ ಅಂಗಳದ ತುದಿಯ ಕೆಂಪು ಉಗುಳಿಗೆ ನೀರು ಸುರಿಯುವವಳೂ ನಾನು. ಆ ನೀರನ್ನು ಆ ಬಾವಿಯಿಂದಲೇ ಹೊತ್ತು ತರಬೇಕಿತ್ತು.

ನನ್ನ ಕಷ್ಟ ಹೋಗಲಿ, ನನಗೆ ರಟ್ಟೆಯಲ್ಲಿ ಬಲವಿತ್ತು. ನಮ್ಮ ಪಕ್ಕದ ಮನೆಯ ಹುಡುಗಿಯದು ಹಾಗಲ್ಲ. ಸೇಲಂ ಕಡೆಯವಳು. ಗಂಡನಿಗೆ ಕುಲುಮೆಯಲ್ಲಿ ಪಾಳಿಯ ಕೆಲಸ. ಚೊಚ್ಚಲ ಬಸುರಿ, ಕರೆದು ಬಾಣಂತನ ಮಾಡಲು ತವರಿನಲ್ಲಿ ತಾಯಿ ಇರಲಿಲ್ಲ. ನಲ್ಲಿಯ ಮಾತು ಶುರುವಾದಾಗ ಅವಳ ಬಸಿರು ಸೆರಗಿನ ಮರೆಯಲ್ಲಿ ಕಾಣುತ್ತಿರಲಿಲ್ಲ. ನಲ್ಲಿ ಬಾವಿಯ ಪಕ್ಕಕ್ಕೆ ಬಂದು ನಿಲ್ಲುವ ಹೊತ್ತಿಗೆ ಅವಳಿಗೆ ಸೊಂಟದ ಮೇಲೆ ಕೊಡ ಇಡಲು ಜಾಗವಿರಲಿಲ್ಲ. ತಲೆಯ ಮೇಲೆ ಹೊತ್ತು, ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತುತ್ತಿದ್ದಳು. "ಕೊಡು ಇಲ್ಲಿ" ಎಂದರೆ, "ಪರವಾಯಿಲ್ಲ ಅಕ್ಕಾ, ನಲ್ಲಿ ಬರುತ್ತಲ್ಲ" ಎನ್ನುವಳು. ನಮ್ಮ ಮನೆಯಲ್ಲಿ ಸಭೆ ನಡೆಯುವುದನ್ನು ಗೋಡೆಯಾಚೆಯಿಂದ ಕೇಳಿ ಅವಳು ನಿಜಕ್ಕೂ ನಂಬಿದ್ದಳು.

ನಾನು ನಮ್ಮವರನ್ನು ಕೇಳಿದೆ. "ಅಜ್ಜಯ್ಯನಿಗೆ ಯಾವ ಜಾಗ ಬೇಕಂತೆ? ಹೋಗಿ ಕೇಳಬಾರದೇ?"

"ಎಲೆ ಅಡಿಕೆ ಯಾಕೆ ಮುಟ್ಟಲಿಲ್ಲ ಅಂತ ಹಿರಿಯರನ್ನ ಎದುರಿಗೇ ಕೇಳ್ತಾರೇನೆ? ಅವಮಾನ ಮಾಡಿದ ಹಾಗಾಗುತ್ತೆ."

"ಆ ಹುಡುಗಿ ಈ ಸ್ಥಿತೀಲಿ ಕೊಡ ಹೊತ್ತು ಹತ್ತೋದು ಯಾರಿಗೂ ಅವಮಾನ ಅಲ್ವೋ?"

"ಅದಕ್ಕೇ ತಾನೆ ಇಷ್ಟು ಒದ್ದಾಡ್ತಿರೋದು" ಎಂದು ಅವರು ಅರ್ಜಿಯ ಕಾಗದ ತೆಗೆದರು. ಎಲ್ಲ ಚೆಂದವಾಗಿ ಬರೆದಿದ್ದರು. ಜಾಗದ ಹೆಸರು ಇರಬೇಕಾದಲ್ಲಿ ಮಾತ್ರ ಖಾಲಿ.

ಅಜ್ಜಯ್ಯನ ಸೊಸೆಯನ್ನು ಬಾವಿಯ ಹತ್ತಿರ ಕೇಳಿದೆ, ನಿಮ್ಮ ಮಾವನವರಿಗೆ ನಮ್ಮ ಮೇಲೆ ಏನಾದರೂ ಬೇಸರವೇ ಎಂದು. "ಮಾವನವರ ಹತ್ರ ನಾನು ಸಭೆ ಮಾತಾಡ್ತೀನಾ ಅಕ್ಕಾ? ಬಂದು ಸುಮ್ಮನೆ ಕೂತ್ಕೋತಾರೆ. ಭಾನುವಾರ ಬಂದ್ರೆ ಅವರಿಗೂ ತಲೆಬಿಸಿ" ಎಂದಳು. ತಲೆಬಿಸಿ ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಮುಂದೆ ಬಂದ ಭಾನುವಾರ ಚಾಪೆ ಹಾಸಿ, ತಟ್ಟೆ ತೊಳೆದಿಟ್ಟು, ಕಾಫಿಗೆಂದು ನೀರು ತರಲು ಹೋದೆ. ಆ ಹುಡುಗಿ ನನಗಿಂತ ಮುಂದೆ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಕಾಲು ಜಾರಿತು. ಕೊಡ ಠಣಠಣ ಎನ್ನುತ್ತ ಕೆಳಗಿನ ತನಕ ಉರುಳಿತು. ಅವಳು ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತಳು. ನಾನು ಓಡಿದೆ. ಮೊದಲು ನಕ್ಕಳು, "ಕೊಡ ನೆಗ್ಗಿತಾ ಅಕ್ಕಾ?" ಎಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಳಲು ಶುರು ಮಾಡಿದಳು. ಮೈಯೆಲ್ಲ ಒದ್ದೆ. ತೋಳು ಹಿಡಿದು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಸೂಲಗಿತ್ತಿ ಬಂದು ಮುಟ್ಟಿ ನೋಡಿ, ಮಗುವಿಗೆ ಏನೂ ಆಗಿಲ್ಲ, ಆದರೆ ಇನ್ನು ಇವಳು ತಂಬಿಗೆಯನ್ನೂ ಎತ್ತಕೂಡದು ಎಂದಳು.

ನಾನು ನಮ್ಮ ಮನೆಗೆ ಬಂದಾಗ ಸಭೆ ಮುಗಿಯುತ್ತಿತ್ತು. ತಟ್ಟೆ ಅಜ್ಜಯ್ಯನನ್ನು ದಾಟಿ ನಮ್ಮವರ ಮುಂದೆ ಬಂದಿತ್ತು. "ಹಾಗಾದ್ರೆ ಇನ್ನೊಂದು ಜಾಗ ನೋಡೋಣ" ಎಂದು ಅಧ್ಯಕ್ಷರು ಹೇಳುತ್ತಿದ್ದರು.

ಸಭೆಯಾಗುವಾಗ ನಾನು ಪಡಸಾಲೆಗೆ ಕಾಲಿಡುತ್ತಿರಲಿಲ್ಲ. ಕಾಫಿ ಲೋಟಗಳನ್ನೂ ಹೊಸಿಲ ಮೇಲಿಟ್ಟು ಹಿಂದಕ್ಕೆ ಹೋಗುತ್ತಿದ್ದೆ. ಅವತ್ತು ಒದ್ದೆ ಸೀರೆಯಲ್ಲೇ ಒಳಗೆ ಹೋಗಿ, ನಮ್ಮವರ ಮುಂದಿದ್ದ ತಟ್ಟೆ ಎತ್ತಿ, ಅಜ್ಜಯ್ಯನ ಮುಂದೆ ಹಿಡಿದೆ.

"ಅಜ್ಜಯ್ಯ, ನಮಗೆ ನಲ್ಲಿ ಬೇಕೋ ಬೇಡವೋ? ಬೇಕಾದರೆ ತಗೊಳ್ಳಿ. ಬೇಡವಾದರೆ ಯಾಕೆ ಬೇಡ ಅಂತ ಹೇಳಿ. ಪಕ್ಕದ ಮನೆ ಹುಡುಗಿ ಈಗ ಮೆಟ್ಟಿಲಲ್ಲಿ ಬಿದ್ದಳು."

"ಲೇ" ಎಂದರು ನಮ್ಮವರು.

ಅಜ್ಜಯ್ಯ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ಪಾಪ, ಪೆಟ್ಟಾಯಿತೇನಮ್ಮ? ಆದರೆ ನಲ್ಲಿಗೂ ಅಡಿಕೆಗೂ ಏನು ಸಂಬಂಧ? ಅಡಿಕೇನ ನಾನು ಕಾಶಿಯಲ್ಲಿ ಬಿಟ್ಟು ಬಂದಿದೀನಲ್ಲ!"

ಪಡಸಾಲೆಯಲ್ಲಿ ಜಗಿಯುವ ಸದ್ದು ನಿಂತಿತು.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರುವುದು, ಮತ್ತೆ ಜನ್ಮದಲ್ಲಿ ಅದನ್ನು ಬಾಯಿಗೆ ಹಾಕದಿರುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವರು ಕಟ್ಟಿದ ಕಾಶಿ ದಾರ ಅಲ್ಲಿ ಕೂತಿದ್ದ ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಇತ್ತು. ಆ ದಾರದ ಕೈಯಿಂದಲೇ ಅಡಿಕೆ ತೆಗೆದುಕೊಳ್ಳುತ್ತ, ಅಜ್ಜಯ್ಯ ಯಾಕೆ ಮುಟ್ಟುವುದಿಲ್ಲ ಎಂದು ಇವರೆಲ್ಲ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು!

"ಅಲ್ಲ, ತಟ್ಟೆ ಅಂದ್ರೆ ಒಪ್ಪಿಗೆ..." ಎಂದು ಅಧ್ಯಕ್ಷರು ತೊದಲಿದರು.

"ಹಾಗಂತ ನನಗೆ ಯಾರು ಹೇಳಿದ್ರು?" ಅಜ್ಜಯ್ಯನಿಗೆ ಈಗ ಸಿಟ್ಟು ಬಂತು. "ನಾನೂ ಕೇಳೋಣ ಅಂತಿದ್ದೆ. ಪ್ರತಿ ಭಾನುವಾರ ಚೆನ್ನಾಗಿ ಮಾತಾಡ್ತೀರಿ. ತಟ್ಟೆ ಬರುತ್ತೆ. ಜಗೀತೀರಿ, ನನ್ನ ಮುಖ ನೋಡ್ತೀರಿ, ಎದ್ದು ಹೋಗ್ತೀರಿ. ಮುಂದಿನ ವಾರ ಬಂದರೆ ನಲ್ಲಿ ಇನ್ನೆಲ್ಲಿಗೋ ಹೋಗಿರುತ್ತೆ. ಇದೆಂಥ ಸಂಘವಯ್ಯ? ಮೊದಲನೇ ದಿನ ನಮ್ಮ ಮನೆ ಮುಂದೆ ಅಂದ್ರಿ, ಒಳ್ಳೇದಾಯ್ತು ಅಂತ ಮಾರನೇ ದಿನವೇ ದಾಸವಾಳ ಕೀಳಿಸಿ ಜಾಗ ಮಾಡಿಕೊಟ್ಟೆ. ಈಗ ಪೂಜೆಗೆ ಹೂವೂ ಇಲ್ಲ, ನಲ್ಲಿಯೂ ಇಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು ನಮ್ಮ ಬೀದಿಯ ಸಂಘ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಎಲ್ಲ ಸರಿ. ಆದರೆ ಪದ್ಧತಿ ಅಂತ ಒಂದಿದೆ. ತಟ್ಟೆ ಹಾಗೇ ಉಳಿದರೆ ಮನಸ್ಸಿಗೆ ಸಮಾಧಾನ ಆಗಲ್ಲ" ಎಂದರು. ಅಜ್ಜಯ್ಯ ತಟ್ಟೆಯನ್ನು ಕೈಯಲ್ಲಿ ಮುಟ್ಟಿದರೆ ಸಾಕೇ, ಮುಟ್ಟಿದರೂ ಬಿಟ್ಟದ್ದನ್ನು ಮುಟ್ಟಿದಂತಾಗುವುದೇ ಎಂದು ಒಬ್ಬರು. ಮಗನಿಂದ ತೆಗೆಸಬಹುದಲ್ಲ ಎಂದು ಇನ್ನೊಬ್ಬರು. ನಾನು ಅಡಿಗೆಮನೆಗೆ ಹೋಗಿ ಡಬ್ಬಿಯಿಂದ ಲವಂಗ ತಂದು ತಟ್ಟೆಯ ಮೇಲೆ ಹಾಕಿದೆ.

"ಲವಂಗ ಬಿಟ್ಟಿಲ್ಲ ತಾನೆ ಅಜ್ಜಯ್ಯ?" ಎಂದು ಅಧ್ಯಕ್ಷರು ಅನುಮಾನದಿಂದ ಕೇಳಿದರು.

"ಬಿಟ್ಟಿಲ್ಲ ಮಾರಾಯ" ಎಂದು ಅವರು ಒಂದನ್ನು ಬಾಯಿಗೆ ಎಸೆದುಕೊಂಡರು.

ನಮ್ಮವರು ಅಲ್ಲೇ ಕೂತು, ಅಜ್ಜಯ್ಯನ ಮನೆಯ ಮುಂದೆ ಎಂದು ಅರ್ಜಿಯ ಖಾಲಿ ಜಾಗ ತುಂಬಿದರು. ಬೆಳಗಾಗುತ್ತಲೇ ಕೊಂಡುಹೋಗಿ ಕೊಟ್ಟರು. ಇದ್ದ ಕೊಳವೆ ಹಿಂದಿನ ಬೀದಿಗೆ ಹೋಗಿಯಾಗಿತ್ತು. ಆ ಬೀದಿಯವರು ಒಂದೇ ಸಲ ಕೂತು ಅರ್ಜಿ ಕೊಟ್ಟಿದ್ದರು. "ನಿಮಗೇ ಮೊದಲು ಹೇಳಿದ್ದೆನಲ್ಲ ಸ್ವಾಮಿ" ಎಂದರಂತೆ ಓವರ್‌ಸಿಯರು. ಇನ್ನು ಕೊಳವೆ ಬರುವುದು ಮಳೆಗಾಲಕ್ಕೆ.

ಆ ಸಂಜೆ ಬಾವಿಯ ಹತ್ತಿರ ನಾನು ವಿಷಯ ಹೇಳಿದೆ. ಆ ಹುಡುಗಿಯ ಮನೆಗೆ ಬೆಳಗಿನ ಕೊಡ ನನ್ನದು ಎಂದೆ. ಸಂಜೆಯದು ತನ್ನದು ಎಂದಳು ಅಜ್ಜಯ್ಯನ ಸೊಸೆ. ಬಟ್ಟೆ ಒಗೆಯುವ ನೀರು ತಾನು ತರುತ್ತೇನೆ ಎಂದರು ಅಧ್ಯಕ್ಷರ ಹೆಂಡತಿ. ಹಗ್ಗ ಕೈಯಿಂದ ಬಿಡದೆಯೇ ಮಾತು ಮುಗಿಯಿತು. ಆ ಹುಡುಗಿ ಬಾಗಿಲಿಗೆ ಬಂದು, "ನೀವು ತಂದ್ರೆ ನಾನೇನು ಮಾಡಲಿ ಅಕ್ಕಾ?" ಎಂದಳು. "ಬಿದ್ದುಕೊಂಡಿರು" ಎಂದು ಗದರಿದೆ. ಮಳೆ ಬರುವ ಮೊದಲೇ ಗಂಡು ಮಗು ಹುಟ್ಟಿತು. ಅದರ ಮೊದಲ ಸ್ನಾನ ಆ ಕೆಸರು ನೀರನ್ನೇ ತಿಳಿ ಮಾಡಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿದ್ದರಲ್ಲಿ ಆಯಿತು.

ನಲ್ಲಿ ಬಂದದ್ದು ಜಡಿಮಳೆಯಲ್ಲಿ, ಬಾವಿ ಕೈಗೆಟಕುವಷ್ಟು ತುಂಬಿದ್ದಾಗ. ಆದರೂ ಉದ್ಘಾಟನೆ ಆಗಲೇಬೇಕಲ್ಲ. ಅಜ್ಜಯ್ಯನ ಮನೆಯ ಮುಂದೆ ಗಂಡಸರೆಲ್ಲ ಕೊಡೆ ಹಿಡಿದು ನಿಂತರು. ಅಧ್ಯಕ್ಷರು ಒಗ್ಗಟ್ಟಿನ ವಿಷಯ ಮಾತನಾಡಿದರು. ತಟ್ಟೆ ಬಂತು, ಅದರಲ್ಲಿ ಈಗ ಲವಂಗದ ಒಂದು ಸಣ್ಣ ಬಟ್ಟಲೂ ಸೇರಿತ್ತು. ತಟ್ಟೆಯ ಅರ್ಥವನ್ನು ಹೊಸಬರಿಗೆ ಹೇಳಬೇಕು ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ತೆಗೆದುಕೊಳ್ಳುವ ತನಕ ನಲ್ಲಿ ತಿರುಗಿಸುವಂತಿಲ್ಲ. ತಟ್ಟೆ ಕೊಡೆಯಿಂದ ಕೊಡೆಗೆ ನಿಧಾನವಾಗಿ ಹೋಗುತ್ತಿತ್ತು, ಅಧ್ಯಕ್ಷರ ಮಾತೂ ನಡೆದೇ ಇತ್ತು.

ಆಗ ಆ ಹುಡುಗಿ ಮಗುವನ್ನು ಸೆರಗಿನಲ್ಲಿ ಮುಚ್ಚಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನೆಗ್ಗಿದ ಕೊಡ ಹಿಡಿದು ಬಂದಳು. ಗಂಡಸರ ನಡುವೆ ನುಗ್ಗಿ ಕೊಡ ಕೆಳಗಿಟ್ಟು ನಲ್ಲಿ ತಿರುಗಿಸಿದಳು. ನೀರು ಕೊಡದ ತಳಕ್ಕೆ ಹೊಡೆದ ಸದ್ದಿಗೆ ಅಧ್ಯಕ್ಷರ ಮಾತು ಅರ್ಧಕ್ಕೆ ನಿಂತಿತು.

"ನೀವು ಮಾತಾಡಿ ಸಾಮಿ, ನಾನು ತುಂಬ್ಕೋತೀನಿ" ಎಂದಳು ಅವಳು.

ನಾನು ಮನೆಗೆ ಹೋಗಿ ನನ್ನ ಕೊಡ ತಂದು ಅವಳ ಹಿಂದೆ ನಿಂತೆ.