ಎನೈದಾಳ ನಿಧಾನದ ಕಾರ್ಡು

ಕಿಬ್ದೊ ಪಟ್ಟಣದಲ್ಲಿ ಮದುವೆಯಾಗಲಿ, ಮಗುವಿನ ಜ್ಞಾನಸ್ನಾನವಾಗಲಿ, ಸಾವಿನ ಮನೆಯ ಹಾಡಾಗಲಿ, ವಿಡಿಯೊ ತೆಗೆಯಲು ಎನೈದಾಳೇ ಬೇಕಿತ್ತು. ಅತ್ರಾತೊ ನದಿಯ ಮೇಲ್ಗಡೆಯ ಹಳ್ಳಿಗಳಿಗೂ ದೋಣಿ ಹತ್ತಿ ಹೋಗುತ್ತಿದ್ದಳು. ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಜಗಳವಾಡದೆ ಅವಳು ಏನನ್ನೂ ಕೊಂಡವಳಲ್ಲ.

ನಾನು ವಿಡಿಯೊ ಕೂಡಿಡುವ ಅಂಗೈಯಗಲದ ಎಸ್‌ಎಸ್‌ಡಿ ಡ್ರೈವ್ ತೋರಿಸಿದ ದಿನವೂ ಹಾಗೇ ಆಯಿತು.

“ತೆಗೆದಿಡು ವಿಲ್ಬೆರಣ್ಣ. ಇದರ ದುಡ್ಡಿಗೆ ಒಂದು ಹಿಡಿ ಮೆಮೊರಿ ಕಾರ್ಡು ಬರುತ್ತೆ.”

“ಒಂದು ರಾಶಿ ತೂತು ದೋಣಿ ತಗೊಂಡು ನದಿ ದಾಟ್ತೀಯಾ ತಾಯಿ? ಎಷ್ಟು ತುಂಬುತ್ತೆ ಅಂತ ನೋಡು, ಆಗ ಇದೇ ಅಗ್ಗ. ಓಟಾನೂ ಜಾಸ್ತಿ. ಕ್ಯಾಮೆರಾಕ್ಕೆ ಕಾರ್ಡು, ಕೂಡಿಡೋಕೆ ಇದು.”

“ನಿನ್ನ ಮಾತು ಬೊರೊಹೊ ಹಣ್ಣಿನ ರಸ ಮಾರೋರ ಮಾತಿದ್ದ ಹಾಗೆ. ಕುಡಿದ್ರೆ ಸತ್ತೋನೂ ಎದ್ದು ಕೂರ್ತಾನೆ!”

ಗೊಣಗುತ್ತಲೇ ಡ್ರೈವ್ ಕೊಂಡಳು. ಉಳಿತಾಯವಾಗಲೆಂದು ಕಾರ್ಡು ಮಾತ್ರ ಇದ್ದುದರಲ್ಲೇ ಅಗ್ಗದ್ದನ್ನು ಆರಿಸಿದಳು.

ಮುಂದಿನ ಭಾನುವಾರ ಮೇಲಿನ ಹಳ್ಳಿಯೊಂದರಲ್ಲಿ ಜ್ಞಾನಸ್ನಾನವಿತ್ತು, ಎನೈದಾ ವಿಡಿಯೊ ತೆಗೆಯಲು ಹೋಗಿದ್ದಳು. ಆ ಗದ್ದಲದ ನಡುವೆ ಬೆನಿಲ್ದಾ ಎಂಬಾಕೆಯ ಹರೆಯದ ಮಗ ಆರ್ಸೇಸಿಯೊ ಕಾಣೆಯಾದ. ಮರುದಿನ ಬೆಳಿಗ್ಗೆ ಸುದ್ದಿ ಕೇಳಿದ ಎನೈದಾ ನೇರ ನನ್ನ ಅಂಗಡಿಗೆ ಬಂದಳು. ಅಂಗಡಿಯ ಹಿಂಭಾಗದ ಬಟ್ಟೆ ಪರದೆಯ ಹಿಂದೆ ಕೂತು ಇಬ್ಬರೂ ವಿಡಿಯೊ ನೋಡಿದೆವು. ಪಾದ್ರಿಯ ಹೆಗಲಾಚೆ ನದಿದಂಡೆ ಕಾಣುತ್ತಿತ್ತು. ಅಲ್ಲಿ ಇಬ್ಬರು ಆರ್ಸೇಸಿಯೊನನ್ನು ದೋಣಿಗೆ ತಳ್ಳುತ್ತಿದ್ದರು. ಒಬ್ಬನ ಸೊಂಟದಲ್ಲಿ ಪಿಸ್ತೂಲು. ದೋಣಿಯ ಹೆಸರೂ ಓದುವಂತಿತ್ತು.

ಎನೈದಾ ವಿಡಿಯೊ ನಿಲ್ಲಿಸಿದಳು. “ನನ್ನ ಕ್ಯಾಮೆರಾ ಅವರೂ ನೋಡಿದಾರೆ ಅಣ್ಣ.”

ಆ ತುಣುಕನ್ನು ಡ್ರೈವಿಗೆ ನಕಲು ಮಾಡಲು ಹಾಕಿದೆವು. ಕಂಪ್ಯೂಟರಿನಲ್ಲಿ ನಕಲಿನ ಹಸಿರು ಪಟ್ಟಿ ತೆವಳುತ್ತಿತ್ತು. ಡ್ರೈವ್ ಎಷ್ಟು ಓಡಿದರೇನು, ಕೊಡುವ ಕಾರ್ಡೇ ಕುಂಟುತ್ತಿತ್ತು. ಅಷ್ಟರಲ್ಲಿ ಹೊರಗೆ ಮೋಟಾರ್ ಬೈಕು ನಿಂತ ಸದ್ದಾಯಿತು.

ನಾನು ಎದ್ದು ಮುಂದಕ್ಕೆ ಬಂದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಒಳಗೆ ಬಂದು ಕೌಂಟರಿನ ಗಾಜಿನ ಮೇಲೆ ಮೊಣಕೈಯೂರಿದ.

“ವಿಡಿಯೊ ತೆಗೆಯೋ ಹೆಂಗಸು ಇಲ್ಲಿದಾಳಂತಲ್ಲ ಯಜಮಾನ್ರೇ.”

“ಅವಳ ಯಂತ್ರ ಕೆಟ್ಟಿದೆ... ರಿಪೇರಿ ಮಾಡ್ತಿದೀನಿ.” ನಾನು ಪರದೆಗೆ ಅಡ್ಡ ನಿಂತೆ.

“ಮಾಡಿ, ಮಾಡಿ. ನಾನು ಕಾಯ್ತೀನಿ. ನಿಮ್ಮ ಮಗಳು ಶಾಲೆಯಿಂದ ಬರೋದು ಈ ದಾರೀಲೇ ಅಲ್ವಾ?”

ನಕಲು ಮುಗಿಯುವವರೆಗೆ ಹೊತ್ತು ಕಳೆಯಲೆಂದು ಅವನಿಗೆ ಇಯರ್‌ಫೋನು, ಚಾರ್ಜರು ತೋರಿಸುತ್ತಾ ಏನೇನೋ ಹರಟಿದೆ. ಅವನು ನಗುತ್ತಲೇ ಕೇಳಿದ, ಆಮೇಲೆ ನಗು ನಿಲ್ಲಿಸಿ ಪರದೆಗೆ ಕೈ ಹಾಕಿದ.

ಪರದೆ ತಾನಾಗಿ ಸರಿಯಿತು. ಎನೈದಾ ಕಾರ್ಡನ್ನು ಅವನತ್ತ ಚಾಚಿ ನಿಂತಿದ್ದಳು.

“ಇದೇ ತಾನೇ ಬೇಕಿರೋದು ಅಣ್ಣ? ತಗೊಳ್ಳಿ. ಜ್ಞಾನಸ್ನಾನದ ಮಗುವಿನ ಮನೆಯವರ ಹತ್ರ ನಾನೇ ಬೈಸಿಕೊಳ್ತೀನಿ.”

ಅವನು ಕಾರ್ಡನ್ನು ಎರಡು ತುಂಡು ಮಾಡಿ ಜೇಬಿಗಿಳಿಸಿದ. “ಬೇರೆ ಎಲ್ಲಾದ್ರೂ ಇಟ್ಟಿದೀಯಾ?”

“ನನ್ನ ಹತ್ರ ದುಡ್ಡಿದ್ದಿದ್ರೆ ಇಷ್ಟು ದರಿದ್ರ ಕಾರ್ಡು ಯಾಕೆ ತಗೋತಿದ್ದೆ? ಚೌಕಾಸಿಗೆ ಬಗ್ಗದ ಈ ಜಿಪುಣನ್ನೇ ಕೇಳಿ.”

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಬೈಕಿನ ಸದ್ದು ದೂರವಾದ ಮೇಲೆ ಅವಳು ನೆಲಕ್ಕೆ ಕುಸಿದು ಬಾಯಿಗೆ ತಲೆವಸ್ತ್ರ ಒತ್ತಿಕೊಂಡು ಅತ್ತಳು. ತುಣುಕು ಪೂರ್ತಿ ನಕಲಾಗಿತ್ತು. ಡ್ರೈವ್ ಅವಳ ರವಿಕೆಯೊಳಗಿತ್ತು.

ಅಂದೇ ಅದನ್ನು ಬೆನಿಲ್ದಾಳ ಜೊತೆ ಪಾದ್ರಿಗೆ ಮುಟ್ಟಿಸಿದಳು. ಪಾದ್ರಿ ನಂಬಿಕಸ್ಥರನ್ನು ಹಿಡಿದು ದೋಣಿಯ ಜಾಡು ತೆಗೆಸಿದರು. ಚಿನ್ನ ತೆಗೆಯುವ ಕಳ್ಳಗಣಿಯೊಂದರಲ್ಲಿ ಬಲವಂತದ ದುಡಿಮೆಯಲ್ಲಿದ್ದ ಆರ್ಸೇಸಿಯೊ ಸಿಕ್ಕಿದ. ಜೀವವಿತ್ತು, ಹೊಡೆತಕ್ಕೆ ಒಂದು ಕಿವಿ ಕೇಳುತ್ತಿರಲಿಲ್ಲ.

ಅವನು ಮನೆ ಸೇರುವ ಮುಂಚೆಯೇ ಎನೈದಾ ಊರು ಬಿಟ್ಟಿದ್ದಳು. ಈಗ ಮೆದೆಯಿನ್ ನಗರದಲ್ಲಿ ಅಕ್ಕನ ಜೊತೆ ಮೀನು ಹುರಿದು ಮಾರುತ್ತಾಳೆ; ಕ್ಯಾಮೆರಾ ಮುಟ್ಟಿಲ್ಲ. ಆಗಾಗ ಫೋನು ಮಾಡುತ್ತಾಳೆ. ಯೋಗಕ್ಷೇಮ ಕೇಳುವ ಮೊದಲೇ ದನಿ ತಗ್ಗಿಸಿ ಕೇಳುತ್ತಾಳೆ:

“ಅಣ್ಣ, ಅಂಗಡಿ ಮುಂದೆ ಯಾರಾದ್ರೂ ನಿಂತಿದಾರಾ?”

ಇಲ್ಲವೆನ್ನುವ ಮೊದಲು ನಾನೂ ಒಮ್ಮೆ ಬಾಗಿಲಾಚೆ ನೋಡುತ್ತೇನೆ.